ಬಿಸಿಲಿಗೆ ಸುಟ್ಟ ಚರ್ಮ: ಮೊದಲು ನೆರಳು, ಆಮೇಲೆ ಮುಲಾಮು



ಬೇಸಿಗೆ ಬಂತೆಂದರೆ ನಾವು ನೀರು, ಮೇವು, ಹಾಲಿನ ಇಳುವರಿ ಇವುಗಳ ಚಿಂತೆ ಮಾಡುತ್ತೇವೆ. ಚರ್ಮದ ಚಿಂತೆ ಮಾಡುವವರು ಕಡಿಮೆ. ಆದರೆ ಬಿಸಿಲಿನಲ್ಲಿ ಚರ್ಮ ಸುಡುವುದು ದನಕ್ಕೂ ಉಂಟು, ದನ ಕಾಯುವವರಿಗೂ ಉಂಟು. ಈಗ ಪೇಟೆಯ ಔಷಧಿ ಅಂಗಡಿಗಳಲ್ಲಿ ಬಿಸಿಲು ತಡೆಯುವ ಮುಲಾಮು, ಅಂದರೆ ಸನ್‌ಸ್ಕ್ರೀನ್, ಸಲೀಸಾಗಿ ಸಿಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳು ಅದನ್ನು ಮನೆಗೆ ತಂದಿರುತ್ತಾರೆ. ಅದನ್ನು ಯಾರು ಹಚ್ಚಬೇಕು, ಎಷ್ಟು ಹಚ್ಚಬೇಕು, ಹಚ್ಚಿದ ಕೈಯಲ್ಲಿ ಹಾಲು ಕರೆಯಬಹುದೇ, ಹಸುವಿನ ಮೈಗೂ ಹಚ್ಚಬಹುದೇ ಎಂಬ ಪ್ರಶ್ನೆಗಳು ಸಹಜ. ಈ ಪಾಠದಲ್ಲಿ ಅವನ್ನು ಒಂದೊಂದಾಗಿ ನೋಡೋಣ. ಮೊದಲು ದನದ ವಿಷಯ, ನಂತರ ನಿಮ್ಮ ವಿಷಯ.

ಹಸುವಿನ ಬಿಳಿ ಚರ್ಮ ಸುಲಿಯುತ್ತಿದೆಯೇ?

ಕ್ಯಾಸಲ್‌ರಾಕ್ ಸುತ್ತಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಪ್ರಿಲ್ ತಿಂಗಳು. ಬೇಣದ ಹುಲ್ಲು ಒಣಗಿ ಹೋಗಿದೆ. ಕಪ್ಪು ಬಿಳಿ ಬಣ್ಣದ ಮಿಶ್ರತಳಿ ಹಸುವನ್ನು ಬೆಳಿಗ್ಗೆ ಮೇಯಲು ಬಿಟ್ಟಿದ್ದೀರಿ. ಮರುದಿನ ಹಸು ಮೇವು ಮುಟ್ಟುವುದಿಲ್ಲ, ಮೆಲುಕು ಹಾಕುವುದಿಲ್ಲ. ಸೆಗಣಿ ಗಟ್ಟಿಯಾಗಿದೆ, ಹಾಲು ಇಳಿದಿದೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ಕಣ್ಣಿನಲ್ಲಿ ನೀರು ಸುರಿಯುತ್ತದೆ, ಬಿಸಿಲಿಗೆ ಬಿಟ್ಟರೆ ಹಸು ಮರದ ನೆರಳು ಹುಡುಕಿ ಓಡುತ್ತದೆ. ಮೂತಿ, ಕಣ್ಣಿನ ರೆಪ್ಪೆ, ಕಿವಿ, ಕೆಚ್ಚಲು, ಮೊಲೆತೊಟ್ಟು ಕೆಂಪಾಗಿ ಊದಿಕೊಳ್ಳುತ್ತವೆ. ನಂತರ ಬಿಳಿ ಕೂದಲಿರುವ ಜಾಗದ ಚರ್ಮ ಒಣಗಿ, ಬಿರಿದು, ಮರದ ತೊಗಟೆಯಂತೆ ಏಳುತ್ತದೆ. ಪಕ್ಕದಲ್ಲೇ ಇರುವ ಕಪ್ಪು ಚರ್ಮಕ್ಕೆ ಮಾತ್ರ ಏನೂ ಆಗಿರುವುದಿಲ್ಲ.

ಇದನ್ನು ಕಂಡ ಕೂಡಲೇ ನಾವು ಏನು ಮಾಡುತ್ತೇವೆ? ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚುತ್ತೇವೆ. ಯಾರೋ ಸೀಮೆ ಎಣ್ಣೆ ಎನ್ನುತ್ತಾರೆ. ಮತ್ತೆ ಯಾರೋ ಮನೆಯಲ್ಲಿರುವ ಸನ್‌ಸ್ಕ್ರೀನ್ ಹಚ್ಚಿ ನೋಡಿ ಎನ್ನುತ್ತಾರೆ. ಇದರಲ್ಲಿ ಎರಡು ಮೂರು ದಿನ ಕಳೆದು ಹೋಗುತ್ತದೆ. ಹಸು ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಇದೇ ಎರಡು ಮೂರು ದಿನಗಳಲ್ಲಿ. ಏಕೆಂದರೆ ರೋಗದ ಬೇರು ಚರ್ಮದಲ್ಲಿಲ್ಲ, ಹೊಟ್ಟೆಯೊಳಗಿದೆ.

ಕಾರಣ ಲಂಟಾನ

ಕೆಂಪು, ಹಳದಿ, ಗುಲಾಬಿ ಬಣ್ಣದ ಸಣ್ಣ ಸಣ್ಣ ಹೂಗಳ ಗೊಂಚಲು, ಒರಟು ಎಲೆ, ಕೊಕ್ಕೆ ಮುಳ್ಳು, ಉಜ್ಜಿದರೆ ಕಟು ವಾಸನೆ. ಇದೇ ಲಂಟಾನ. ಕೆಲವು ಕಡೆ ಚದುರಂಗಿ ಎಂದೂ ಕರೆಯುತ್ತಾರೆ. ಇದು ನಮ್ಮ ದೇಶದ ಗಿಡವಲ್ಲ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇಂದು ಪಶ್ಚಿಮ ಘಟ್ಟದ ಕಾಡಿನ ಅಂಚು, ರಸ್ತೆ ಬದಿ, ಪಾಳು ಬಿದ್ದ ಗದ್ದೆ ಇವೆಲ್ಲ ಅದಕ್ಕೆ ನೆಲೆಯಾಗಿವೆ. ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ ಕಡೆಯ ಸದಸ್ಯರಿಗೆ ಈ ಗಿಡದ ಗುರುತು ಹೇಳಬೇಕಾಗಿಲ್ಲ.

ಬುದ್ಧಿವಂತ ದನ ಇದನ್ನು ಮುಟ್ಟುವುದಿಲ್ಲ. ಹಾಗಾದರೆ ತಿನ್ನುವುದು ಯಾವಾಗ?

1. ಬೇಸಿಗೆಯಲ್ಲಿ ಹುಲ್ಲು ಒಣಗಿ ಲಂಟಾನ ಮಾತ್ರ ಹಸಿರಾಗಿರುವಾಗ.
2. ಹೊರಗಿನಿಂದ ಕೊಂಡು ತಂದ ದನವನ್ನು ಗಿಡದ ಪರಿಚಯವಿಲ್ಲದ ಜಾಗದಲ್ಲಿ ಮೇಯಲು ಬಿಟ್ಟಾಗ. ಬಯಲುಸೀಮೆಯಿಂದ ಮಿಶ್ರತಳಿ ಹಸು ತಂದವರು ಇದನ್ನು ವಿಶೇಷವಾಗಿ ಗಮನಿಸಬೇಕು.
3. ಮಳೆಗಾಲದಲ್ಲಿ ನಾಲ್ಕಾರು ದಿನ ಕಟ್ಟಿ ಹಾಕಿ, ಅರೆಹೊಟ್ಟೆಯಲ್ಲಿದ್ದ ದನವನ್ನು ಹೊಳವಾದ ದಿನ ಒಮ್ಮೆಲೇ ಹೊರಗೆ ಬಿಟ್ಟಾಗ.
4. ಬೇಲಿ ಸವರಿದ ಲಂಟಾನ ಸೊಪ್ಪನ್ನು ಕೊಟ್ಟಿಗೆಯ ಹತ್ತಿರ ರಾಶಿ ಹಾಕಿದಾಗ. ಸೊಪ್ಪು ಬಾಡಿದರೂ ಒಣಗಿದರೂ ವಿಷ ಹೋಗುವುದಿಲ್ಲ ಎಂಬುದನ್ನು ನೆನಪಿಡಿ.

ಹೊಟ್ಟೆಯ ವಿಷ ಚರ್ಮವನ್ನು ಸುಡುವುದು ಹೇಗೆ?

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿರಿ. ಇದು ತಿಳಿದರೆ ಮುಂದಿನ ಚಿಕಿತ್ಸೆಯೆಲ್ಲ ತಾನಾಗಿ ಅರ್ಥವಾಗುತ್ತದೆ.

ಲಂಟಾನ ಎಲೆಯಲ್ಲಿ ಲ್ಯಾಂಟಡೀನ್ ಎಂಬ ವಿಷವಿದೆ. ಅದು ಮೆಲುಕು ಚೀಲದಿಂದ ರಕ್ತಕ್ಕೆ ಸೇರಿ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅಲ್ಲಿ ಪಿತ್ತರಸ ಹರಿಯುವ ಸಣ್ಣ ನಾಳಗಳ ಕೆಲಸವನ್ನು ಕೆಡಿಸುತ್ತದೆ. ಪಿತ್ತ ಹೊರಗೆ ಹರಿಯದೆ ರಕ್ತದಲ್ಲೇ ಉಳಿದು ಕಾಮಾಲೆಯಾಗುತ್ತದೆ.

ಇನ್ನು ಹಸಿರು ಮೇವಿನ ಮಾತು. ಹಸಿರಿಗೆ ಬಣ್ಣ ಕೊಡುವ ಪತ್ರಹರಿತ್ತು ಮೆಲುಕು ಚೀಲದಲ್ಲಿ ಒಡೆದು ಫಿಲೊಎರಿಥ್ರಿನ್ ಎಂಬ ಪದಾರ್ಥವಾಗುತ್ತದೆ. ಇದು ಎಲ್ಲ ದನಗಳಲ್ಲೂ ಪ್ರತಿದಿನ ಆಗುವ ಕೆಲಸ. ಆರೋಗ್ಯವಂತ ದನದಲ್ಲಿ ಇದು ಪಿತ್ತರಸದ ಜೊತೆ ಹೊರಗೆ ಹೋಗುತ್ತದೆ. ಪಿತ್ತ ಹರಿಯದಿದ್ದಾಗ ರಕ್ತದ ಮೂಲಕ ಚರ್ಮಕ್ಕೆ ಬಂದು ಸೇರುತ್ತದೆ. ಅದರ ಮೇಲೆ ಬಿಸಿಲು ಬಿದ್ದ ಕೂಡಲೇ ಚರ್ಮದ ಕಣಗಳು ಸುಟ್ಟು ಹೋಗುತ್ತವೆ. ಕಪ್ಪು ಬಣ್ಣ ಮತ್ತು ದಟ್ಟ ಕೂದಲು ಬಿಸಿಲನ್ನು ತಡೆಯುತ್ತವೆ. ಆದುದರಿಂದ ಬಿಳಿ ಮಚ್ಚೆ, ಮೂತಿ, ಮೊಲೆತೊಟ್ಟು ಇವು ಮೊದಲು ಸುಡುತ್ತವೆ.

ಎಮ್ಮೆ ಸಾಕುವ ಗೌಳಿ ಬಂಧುಗಳು ಒಂದು ಮಾತು ಗಮನಿಸಬೇಕು. ಎಮ್ಮೆಯ ಕಪ್ಪು ಚರ್ಮದಲ್ಲಿ ಸುಟ್ಟ ಗುರುತು ಬೇಗ ಕಾಣದೇ ಇರಬಹುದು. ಆದರೆ ಲಂಟಾನ ತಿಂದರೆ ಅದರ ಪಿತ್ತಜನಕಾಂಗವೂ ಕೆಡುತ್ತದೆ. ಮೇವು ಬಿಟ್ಟ ಎಮ್ಮೆಯ ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ನೋಡಿ. ಹಳದಿಯಾಗಿದ್ದರೆ ತಡ ಮಾಡಬೇಡಿ.

ಬೇರೆ ರೋಗವೆಂದು ತಪ್ಪು ತಿಳಿಯಬೇಡಿ

ಚರ್ಮಗಂಟು ರೋಗದಲ್ಲಿ ಜ್ವರ ಬಂದು ಮೈಯೆಲ್ಲ ಗಂಟು ಏಳುತ್ತವೆ; ಕಪ್ಪು ಬಿಳಿ ಎಂಬ ಭೇದವಿಲ್ಲ. ಕಾಲುಬಾಯಿ ಜ್ವರದಲ್ಲಿ ಬಾಯಿ ಮತ್ತು ಗೊರಸಿನ ನಡುವೆ ಹುಣ್ಣಾಗಿ ಜೊಲ್ಲು ಸುರಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಬೇಗ ಹರಡುತ್ತದೆ. ಲಂಟಾನ ವಿಷ ಹರಡುವ ರೋಗವಲ್ಲ. ಇದರಲ್ಲಿ ಬಿಳಿ ಮತ್ತು ಕಪ್ಪು ಚರ್ಮದ ನಡುವೆ ಗೆರೆ ಎಳೆದಂತೆ ಗಾಯ ನಿಲ್ಲುತ್ತದೆ, ಜೊತೆಗೆ ಕಣ್ಣು ಹಳದಿ, ಮೂತ್ರ ಗಾಢ ಬಣ್ಣ. ಬೂಷ್ಟು ಹಿಡಿದ ಹಿಂಡಿ, ಮೇವು ತಿಂದರೂ ಪಿತ್ತಜನಕಾಂಗ ಕೆಡುವುದುಂಟು. ಆದುದರಿಂದ ಪಶುವೈದ್ಯರು ಬಂದಾಗ ಹಿಂದಿನ ವಾರ ಏನು ತಿನ್ನಿಸಿದಿರಿ, ಎಲ್ಲಿ ಮೇಯಿಸಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿರಿ.

ಕೂಡಲೇ ಮಾಡಬೇಕಾದುದು

1. ಹಸುವನ್ನು ಬಿಸಿಲಿನಿಂದ ತೆಗೆದು ಕತ್ತಲೆಯಾದ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಕಟ್ಟಿ. ಗೋಣಿ ತಟ್ಟು ಇಳಿಬಿಟ್ಟು ಬಿಸಿಲ ಕೋಲು ಬೀಳದಂತೆ ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಯಾವ ಮುಲಾಮೂ ಇದಕ್ಕೆ ಸಮವಲ್ಲ.

2. ಪಶು ಆಸ್ಪತ್ರೆಗೆ ತಿಳಿಸಿ. ದೂರದ ಹಳ್ಳಿಯವರು 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಬಹುದು. ಫೋನು ಸಿಗದ ಊರಿನವರು ಬೆಳಿಗ್ಗೆ ಹಾಲು ಹಾಕಲು ಹೋದಾಗಲೇ ಸಂಘದ ಕಾರ್ಯದರ್ಶಿಯವರಿಗೆ ಹೇಳಿ.

3. ಮೆಲುಕು ಚೀಲದ ಕೆಲಸ ನಿಂತಿರುವುದರಿಂದ ತಿಂದ ಸೊಪ್ಪು ಅಲ್ಲೇ ಉಳಿದು ವಿಷ ದಿನವೂ ರಕ್ತಕ್ಕೆ ಇಳಿಯುತ್ತಿರುತ್ತದೆ. ಅದನ್ನು ಹೀರಿ ಹಿಡಿಯಲು ವೈದ್ಯರು ಆಕ್ಟಿವೇಟೆಡ್ ಚಾರ್‌ಕೋಲ್ ಎಂಬ ಶುದ್ಧೀಕರಿಸಿದ ಇದ್ದಿಲ ಪುಡಿಯನ್ನು ಲವಣದ ನೀರಿನಲ್ಲಿ ಕಲಸಿ ನಳಿಕೆಯ ಮೂಲಕ ಹೊಟ್ಟೆಗೆ ಬಿಡುತ್ತಾರೆ. ಅಳತೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 5 ಗ್ರಾಂ, ಅಂದರೆ 400 ಕಿಲೋ ತೂಕದ ಹಸುವಿಗೆ ಸುಮಾರು 2 ಕಿಲೋ. ಒಲೆಯ ಇದ್ದಿಲು ಇದಕ್ಕೆ ಬದಲಿಯಲ್ಲ. ನೀವೇ ಗೊಟ್ಟದಲ್ಲಿ ಹುಯ್ಯಲು ಹೋದರೆ ಶ್ವಾಸಕೋಶಕ್ಕೆ ಇಳಿದು ಹಸು ಸಾಯಬಹುದು.

4. ಹಸಿರು ಮೇವು ಕಡಿಮೆ ಮಾಡಿ, ಒಳ್ಳೆಯ ಒಣಹುಲ್ಲು ಕೊಡಿ. ಹಸಿರು ಕಡಿಮೆಯಾದಷ್ಟೂ ಚರ್ಮ ಸುಡುವ ಪದಾರ್ಥ ಕಡಿಮೆಯಾಗುತ್ತದೆ. ಕುಡಿಯುವ ನೀರು ಸದಾ ಮುಂದಿರಲಿ.

5. ಸುಲಿದ ಚರ್ಮವನ್ನು ಎಳೆದು ಕೀಳಬೇಡಿ. ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ತೊಳೆದು, ವೈದ್ಯರು ಹೇಳಿದ ಮುಲಾಮು ಹಚ್ಚಿ. ನೊಣ ಕೂತು ಹುಳ ಬೀಳದಂತೆ ನೋಡಿಕೊಳ್ಳಿ. ಸೀಮೆ ಎಣ್ಣೆ, ಸುಟ್ಟ ಎಂಜಿನ್ ಎಣ್ಣೆ ಎಂದೂ ಕೂಡದು.

6. ಕೆಚ್ಚಲು ಸುಟ್ಟಿದ್ದರೆ ನೋವಿಗೆ ಹಸು ಒದೆಯುತ್ತದೆ. ಹಾಗೆಂದು ಕರೆಯದೇ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ಮೃದುವಾಗಿ ಪೂರ್ತಿ ಕರೆಯಿರಿ. ರೋಗದ ಹಸುವಿನ ಹಾಲನ್ನು, ಹಾಗೆಯೇ ಔಷಧಿ ನಡೆಯುವಾಗ ಮತ್ತು ನಂತರ ವೈದ್ಯರು ಹೇಳಿದಷ್ಟು ದಿನದ ಹಾಲನ್ನು ಸಂಘಕ್ಕೆ ಹಾಕಕೂಡದು. ಒಬ್ಬರ ಕ್ಯಾನಿನ ಔಷಧಿ ಅಂಶ ಊರಿನವರೆಲ್ಲರ ಹಾಲನ್ನೂ ಕೆಡಿಸುತ್ತದೆ.

ಹಸುವಿಗೆ ಮನುಷ್ಯರ ಸನ್‌ಸ್ಕ್ರೀನ್ ಬೇಡ

ಕಾರಣ ಮೂರು. ದನ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುತ್ತದೆ, ಕರು ಮೊಲೆ ಚೀಪುತ್ತದೆ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಎರಡನೆಯದು, ಕೆಚ್ಚಲಿಗೆ ಹಚ್ಚಿದ್ದು ಹಾಲಿಗೆ ಬರುತ್ತದೆ. ಮೂರನೆಯದು, ಲಂಟಾನ ವಿಷವೇರಿದ ಹಸುವಿಗೆ ಮೇಲಿನ ಮುಲಾಮು ಏನೂ ಮಾಡಲಾರದು. ಬಿಳಿ ಮೂತಿಯ ಅಥವಾ ಬಿಳಿ ರೆಪ್ಪೆಯ ಹಸುವಿಗೆ ಸತು ಸೇರಿದ ಮುಲಾಮು ಬೇಕೆಂದು ಪಶುವೈದ್ಯರೇ ಬರೆದುಕೊಟ್ಟರೆ ಅವರು ಹೇಳಿದ ಜಾಗಕ್ಕೆ ಮಾತ್ರ ಹಚ್ಚಿ. ಬಿಳಿ ರೆಪ್ಪೆಯ ಹಸುವಿನ ಕಣ್ಣಿನ ಅಂಚಿನಲ್ಲಿ ಸಣ್ಣ ಗಂಟೋ ಹುಣ್ಣೋ ಕಂಡರೆ ಉದಾಸೀನ ಬೇಡ. ವರ್ಷಗಟ್ಟಲೆ ಬಿಸಿಲು ತಿಂದ ರೆಪ್ಪೆಯಲ್ಲಿ ಕ್ಯಾನ್ಸರ್ ಗಡ್ಡೆ ಬರುವುದುಂಟು. ಚಿಕ್ಕದಿರುವಾಗಲೇ ತೆಗೆಸಬೇಕು.

ಬರದಂತೆ ತಡೆಯುವುದು

ಬೇಸಿಗೆಯಲ್ಲಿ ಮೇಯಲು ಬಿಡುವ ಮೊದಲು ಒಂದಿಷ್ಟು ಒಣಹುಲ್ಲು ತಿನ್ನಿಸಿ. ಹೊಟ್ಟೆ ತುಂಬಿದ ದನ ಲಂಟಾನದ ಕಡೆ ತಿರುಗುವುದಿಲ್ಲ. ಬೆಳಿಗ್ಗೆ 10 ಗಂಟೆಯೊಳಗೆ ಮತ್ತು ಸಂಜೆ 4ರ ನಂತರ ಮೇಯಿಸಿ, ನಡುಹಗಲು ನೆರಳಿನಲ್ಲಿ ಕಟ್ಟಿ. ಹೊಸದಾಗಿ ತಂದ ಹಸುವನ್ನು ಮೊದಲ ಕೆಲವು ವಾರ ಕಾವಲಿಲ್ಲದೆ ಬಿಡಬೇಡಿ. ನಿಮ್ಮ ಸ್ವಂತ ಬೇಣದಲ್ಲಿರುವ ಲಂಟಾನವನ್ನು ಹಣ್ಣಾಗುವ ಮೊದಲೇ ತೆಗೆಯಿರಿ. ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ಮಣ್ಣಿನೊಳಗೆ ಮೂರು ನಾಲ್ಕು ಬೆರಳು ಕೆಳಗೆ ಬುಡವನ್ನು ಕಡಿದು, ಗಿಡವನ್ನು ಬೇರು ಮೇಲಾಗಿ ಮಗುಚಿ ಒಣಗಿಸಬೇಕು. ತೆರವಾದ ಜಾಗದಲ್ಲಿ ಕೂಡಲೇ ಹುಲ್ಲು ಬೆಳೆಸಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಇತರ ಅರಣ್ಯ ಭೂಮಿಯಲ್ಲಿ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕಡಿಯಕೂಡದು.

ಇನ್ನು ನಿಮ್ಮ ಚರ್ಮದ ಮಾತು

ಹಸುವಿನ ಪಾಠವೇ ನಮಗೂ ಅನ್ವಯಿಸುತ್ತದೆ. ಮೊದಲು ನೆರಳು, ಎರಡನೆಯದು ಬಟ್ಟೆ, ಮೂರನೆಯದು ಮುಲಾಮು.

ಚರ್ಮ ಸುಡುವುದು ಬಿಸಿಲಿನ ಕಾವಿನಿಂದಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿಂದ. ತಂಪು ಗಾಳಿ ಬೀಸುವಾಗಲೂ ಅವು ಇರುತ್ತವೆ. ತೆಳುವಾದ ಮೋಡವಿದ್ದರೆ ನೂರಕ್ಕೆ ಎಂಬತ್ತರವರೆಗೂ ಕೆಳಗಿಳಿಯಬಹುದು. ಆದುದರಿಂದ ಘಟ್ಟದ ಮೇಲಿನ ತಂಪು ಹವೆಯನ್ನು ನಂಬಿ ಮೈಮರೆಯುವಂತಿಲ್ಲ. ಹಗಲು 10ರಿಂದ 4ರವರೆಗೆ ಇವು ಹೆಚ್ಚು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ಬಲವಾಗಿವೆ ಎಂದು ತಿಳಿಯಿರಿ.

ನಮ್ಮ ಕಂದು ಚರ್ಮದಲ್ಲಿ ಹುಟ್ಟಿನಿಂದಲೇ ಒಂದಿಷ್ಟು ರಕ್ಷಣೆ ಇದೆ. ಹುಲ್ಲು ಕೊಯ್ಯುವವರು, ದನ ಮೇಯಿಸುವವರು ತುಂಬು ತೋಳಿನ ಅಂಗಿ, ತಲೆಗೆ ಟವೆಲ್ಲು ಅಥವಾ ಸೆರಗು, ಅಗಲ ಅಂಚಿನ ಟೊಪ್ಪಿಗೆ ಹಾಕಿದರೆ ಮುಕ್ಕಾಲು ಕೆಲಸ ಆದಂತೆ. ಅಡಿಕೆ ಹಾಳೆ ಟೊಪ್ಪಿ ನೆತ್ತಿಯನ್ನು ಕಾಯುತ್ತದೆ, ಕಿವಿ ಮತ್ತು ಕುತ್ತಿಗೆಯನ್ನು ಕಾಯುವುದಿಲ್ಲ. ಅದರಡಿ ಟವೆಲ್ಲು ಇಳಿಬಿಡಿ.

ಸನ್‌ಸ್ಕ್ರೀನ್ ನಿಜವಾಗಿ ಬೇಕಾದವರು ಇವರು: ತೊನ್ನು ಇರುವವರು (ಹಸುವಿನ ಬಿಳಿ ಮಚ್ಚೆಯಂತೆ ಆ ಜಾಗದಲ್ಲಿ ಬಣ್ಣದ ರಕ್ಷಣೆ ಇಲ್ಲ), ಹುಟ್ಟಿನಿಂದಲೇ ಮೈಯೆಲ್ಲ ಬಿಳಿಯಾಗಿರುವವರು, ಮುಖದಲ್ಲಿ ಬಂಗು ಹೆಚ್ಚುತ್ತಿರುವ ಹೆಣ್ಣುಮಕ್ಕಳು, ಬಿಸಿಲಿಗೆ ಹೋದರೆ ಮುಖ ಕೆಂಪಾಗಿ ಗುಳ್ಳೆ ಏಳುವವರು. ಇಲಿಜ್ವರಕ್ಕೂ ಮೊಡವೆಗೂ ಕೊಡುವ ಡಾಕ್ಸಿಸೈಕ್ಲಿನ್ ಮುಂತಾದ ಕೆಲವು ಮಾತ್ರೆ ನುಂಗುವಾಗಲೂ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಲಂಟಾನದ ಕಥೆಗೆ ಇದು ಹತ್ತಿರದ ನೆಂಟು. ವೈದ್ಯರನ್ನು ಕೇಳಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಕೊಳ್ಳುವಾಗ ನೋಡಬೇಕಾದುದು

ಡಬ್ಬಿಯ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚು ಎಂದಿರಲಿ. ಎಸ್‌ಪಿಎಫ್ 15 ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು 93 ಭಾಗ ತಡೆಯುತ್ತದೆ, 30 ಸುಮಾರು 97, 50 ಸುಮಾರು 98. ಅಂದರೆ 50ಕ್ಕೆ ದುಪ್ಪಟ್ಟು ಬೆಲೆ ಕೊಟ್ಟರೆ ದುಪ್ಪಟ್ಟು ರಕ್ಷಣೆ ಸಿಗುವುದಿಲ್ಲ. ಈ ಸಂಖ್ಯೆ ಸುಡುವ ಕಿರಣದ ಲೆಕ್ಕ ಮಾತ್ರ. ಚರ್ಮ ಕಪ್ಪಾಗಿಸಿ ಸುಕ್ಕು ತರುವ ಇನ್ನೊಂದು ಬಗೆಯ ಕಿರಣ ತಡೆಯಲು ಪಿಎ ಅಕ್ಷರಗಳ ಮುಂದೆ ಮೂರು ಅಥವಾ ನಾಲ್ಕು ಕೂಡಿಸುವ ಗುರುತು ಇರಲಿ. ಅವಧಿ ಮುಗಿಯುವ ದಿನಾಂಕ ಮತ್ತು ತಯಾರಿಕಾ ಪರವಾನಗಿ ಸಂಖ್ಯೆ ನೋಡಿ. ಸೂಕ್ಷ್ಮ ಚರ್ಮದವರಿಗೆ ಸತುವಿನ ಆಕ್ಸೈಡ್ ಇರುವ ಮುಲಾಮು ಒಳ್ಳೆಯದು. ಬಿಳಿಯಾಗಿಸುತ್ತೇವೆ ಎನ್ನುವ ಕ್ರೀಮು ಸನ್‌ಸ್ಕ್ರೀನ್ ಅಲ್ಲ. ಅಂಥ ಕೆಲವದರಲ್ಲಿ ಸ್ಟೀರಾಯ್ಡ್ ಇದ್ದು, ಚರ್ಮ ತೆಳುವಾಗಿ ಬಿಸಿಲಿಗೆ ಇನ್ನಷ್ಟು ಸುಡುತ್ತದೆ.

ಹಚ್ಚುವ ಕ್ರಮ

1. ಮೊದಲ ಸಲ ಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಕೆ ಬಂದರೆ ಬಿಡಿ.
2. ಬಿಸಿಲಿಗೆ ಹೋಗುವ 15-20 ನಿಮಿಷ ಮೊದಲೇ ಹಚ್ಚಿ.
3. ಮುಖ ಮತ್ತು ಕುತ್ತಿಗೆಗೆ ಸುಮಾರು ಒಂದು ಟೀ ಚಮಚ, ಅಂದರೆ ಎರಡು ಬೆರಳಿನ ಉದ್ದಕ್ಕೆ ಹಿಂಡಿದ ಎರಡು ಗೆರೆಯಷ್ಟು ಬೇಕು. ಉಳಿತಾಯಕ್ಕೆಂದು ತೆಳುವಾಗಿ ಸವರಿದರೆ ಡಬ್ಬಿಯ ಮೇಲೆ ಬರೆದ ರಕ್ಷಣೆ ಸಿಗುವುದಿಲ್ಲ, ಹಣ ಮಾತ್ರ ಹೋಗುತ್ತದೆ. ಕಿವಿ, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗ ಮರೆಯಬೇಡಿ.
4. ಎರಡು ಗಂಟೆಗೊಮ್ಮೆ, ಹಾಗೂ ಬೆವರು ಒರೆಸಿಕೊಂಡಾಗ ಮತ್ತೆ ಹಚ್ಚಬೇಕು.
5. ಉಣ್ಣೆ ಕಡಿತ ತಡೆಯಲು ಡೇಪಾ ತೈಲ ಹಚ್ಚಿ ಕಾಡಿಗೆ ಹೋಗುವವರು ಮೊದಲು ಸನ್‌ಸ್ಕ್ರೀನ್ ಹಚ್ಚಿ, ಅದು ಒಣಗಿದ ಮೇಲೆ ತೈಲ ಹಚ್ಚಿ.
6. ಆರು ತಿಂಗಳೊಳಗಿನ ಹಸುಗೂಸಿಗೆ ಹಚ್ಚಬೇಡಿ, ನೆರಳಿನಲ್ಲಿ ಇಡಿ. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬೇಡಿ.

ಹಾಲು ಕರೆಯುವವರಿಗೆ ವಿಶೇಷ ಸೂಚನೆ: ಸನ್‌ಸ್ಕ್ರೀನ್ ಹಚ್ಚುವುದು ಹಾಲು ಕರೆದ ಮೇಲೆ. ಸಂಜೆಯ ಕರೆಯುವ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಹಾಲಿನ ಜಿಡ್ಡು ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಸುವಾಸನೆಯ ಮುಲಾಮು ಹಚ್ಚಿದ ಕೈಯಲ್ಲಿ ಕರೆದ ಹಾಲು ಕೆಟ್ಟ ಹಾಲೇ ಸರಿ. ಡೇಪಾ ತೈಲದ ಕೈಗೂ ಇದೇ ನಿಯಮ.

ಚರ್ಮ ಸುಟ್ಟರೆ ತಣ್ಣೀರಿನ ಬಟ್ಟೆ ಇಟ್ಟು ನೆರಳಿನಲ್ಲಿರಿ, ಸಾಕಷ್ಟು ನೀರು ಕುಡಿಯಿರಿ. ಟೂತ್‌ಪೇಸ್ಟು, ನಿಂಬೆರಸ ಹಚ್ಚಬೇಡಿ. ನಿಂಬೆರಸ ತಾಗಿದ ಚರ್ಮ ಬಿಸಿಲಿಗೆ ಇನ್ನೂ ಸುಡುತ್ತದೆ. ಬೊಕ್ಕೆ ಎದ್ದು ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಕಾಂಗ್ರೆಸ್ ಗಿಡ ಕಿತ್ತ ಮೇಲೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಎದ್ದರೆ ಅದು ಬರೀ ಬಿಸಿಲಿನದಲ್ಲ, ಗಿಡದ್ದು. ಎಷ್ಟು ಸನ್‌ಸ್ಕ್ರೀನ್ ಹಚ್ಚಿದರೂ ಗಿಡದಿಂದ ದೂರವಾಗದೆ ವಾಸಿಯಾಗುವುದಿಲ್ಲ.

ನೆನಪಿಡಿ

ಸುಟ್ಟ ಚರ್ಮ ಕಂಡಾಗ ಮುಲಾಮಿನ ಡಬ್ಬಿ ಹುಡುಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ನೆರಳು ಇದೆಯೇ? ಒಳಗೆ ಏನು ಹೋಗಿದೆ? ಹಸುವಾದರೆ ಲಂಟಾನ, ಮನುಷ್ಯರಾದರೆ ನುಂಗಿದ ಮಾತ್ರೆ. ಈ ಎರಡಕ್ಕೆ ಉತ್ತರ ಸಿಕ್ಕಿದ ಮೇಲೆ ಮುಲಾಮು ತನ್ನ ಕೆಲಸ ಮಾಡುತ್ತದೆ.

ಪಾಠದ ಮೇಲೆ ಪ್ರಶ್ನೆಗಳು (ಮನೆಯವರೆಲ್ಲ ಕೂತು ಉತ್ತರಿಸಿ ನೋಡಿ)

1. ಲಂಟಾನ ತಿಂದ ಹಸುವಿನ ಕಪ್ಪು ಚರ್ಮ ಉಳಿದು ಬಿಳಿ ಚರ್ಮ ಮಾತ್ರ ಸುಡುವುದೇಕೆ?
2. ಅಂಥ ಹಸುವಿಗೆ ಹಸಿರು ಮೇವು ಕಡಿಮೆ ಮಾಡಬೇಕೆನ್ನುವುದು ಯಾವ ಕಾರಣಕ್ಕೆ?
3. ಬೇಲಿ ಸವರಿದ ಸೊಪ್ಪು ಒಣಗಿದ ಮೇಲೆ ಕೊಟ್ಟಿಗೆಯ ಬಳಿ ಹಾಕಬಹುದೇ?
4. ಎಸ್‌ಪಿಎಫ್ 30ಕ್ಕೂ 50ಕ್ಕೂ ರಕ್ಷಣೆಯಲ್ಲಿ ಎಷ್ಟು ವ್ಯತ್ಯಾಸ?
5. ನಿಮ್ಮ ಮನೆಯಲ್ಲಿ ಸನ್‌ಸ್ಕ್ರೀನ್ ಹಚ್ಚುವವರು ಹಾಲು ಕರೆಯುವ ಮೊದಲು ಏನು ಮಾಡಬೇಕು?